ಅಡಿಕೆಯ ಕೊಳೆರೋಗದ ಬೆನ್ನುಹತ್ತಿದ ವಿಜ್ಞಾನಿ: ಡಾ. ಲೆಸ್ಲಿ ಕೋಲ್ಮನ್

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಕುದಾಪುರ ಎಂದೊಡನೆ ನಗರದ ಓದುಗರಿಗೆ ನೆನಪಾಗುವುದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ. ಅಮೃತಮಹಲ್ ಕಾವಲಿನ ಸುಮಾರು 1,500 ಎಕರೆ ಹುಲ್ಲುಗಾವಲು ಸಂಸ್ಥೆಗೆ ಮಂಜೂರಾದದ್ದು, ಕಾವಲನ್ನೇ ನಂಬಿದ್ದ ಕುರಿಗಾಹಿಗಳ ಅಸಮಾಧಾನ ಹಸಿರು ನ್ಯಾಯಮಂಡಳಿಯವರೆಗೂ ಹೋದದ್ದು ಎಲ್ಲವೂ ಪತ್ರಿಕೆಗಳಲ್ಲಿ ಬಂದ ಸಂಗತಿಗಳೇ. ಆ ಆವರಣದ ಬೇಲಿಯಾಚೆಗೆ ಶೇಂಗಾ ಹೊಲಗಳು ಹಬ್ಬಿವೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯನ್ನೂ ನೆಚ್ಚಿಕೊಳ್ಳಲಾಗದ ಈ ಸೀಮೆಯಲ್ಲಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಶೇಂಗಾ ಗಿಡದ ಎಲೆಯ ಮೇಲೆ ಕಂದು, ಕಪ್ಪು ಚುಕ್ಕೆಗಳು ಮೂಡುತ್ತವೆ. ಚುಕ್ಕೆಗಳು ಕೂಡಿಕೊಂಡು ಎಲೆ ಉದುರುತ್ತದೆ. ರೈತರು ತಿಕ್ಕಾ ರೋಗವೆಂದೂ ಎಲೆಚುಕ್ಕೆ ರೋಗವೆಂದೂ ಕರೆಯುವ ಈ ಪೀಡೆ ಮುಂಗಾರು ಕೈಹಿಡಿದ ವರ್ಷಗಳಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮಳೆ ಬಾರದಿದ್ದರೆ ಬೆಳೆಯಿಲ್ಲ, ಬಂದರೆ ರೋಗ.

ಇದು ಏನು, ಎಲ್ಲಿಂದ ಬಂತು, ಈ ವರ್ಷವೇ ಏಕೆ ಬಂತು ಎಂಬ ಪ್ರಶ್ನೆಗಳನ್ನು ರೈತ ಯಾವ ಕಾಲದಿಂದಲೋ ಕೇಳುತ್ತಲೇ ಬಂದಿದ್ದಾನೆ. ಅವುಗಳಿಗೆ ಸೂಕ್ಷ್ಮದರ್ಶಕವನ್ನಿಟ್ಟುಕೊಂಡು ಉತ್ತರ ಹುಡುಕುವ ಕೆಲಸ ಹಳೆಯ ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾಗಿ ಆರಂಭವಾದದ್ದು 1908ರಲ್ಲಿ. ಆ ವರ್ಷ ಬೆಂಗಳೂರಿಗೆ ಬಂದಿಳಿದ ಕೆನಡಾದ ವಿಜ್ಞಾನಿ ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರಿಗೆ ಆಗ ಮೂವತ್ತು ವರ್ಷ.

ಮಂಡ್ಯದವರಿಗೆ ಕೋಲ್ಮನ್ ಹೆಸರು ತಕ್ಕಮಟ್ಟಿಗೆ ಪರಿಚಿತ. ಸಕ್ಕರೆ ಕಾರ್ಖಾನೆಯ ಸ್ಥಾಪನೆಯೊಡನೆ, ನಾಲಾ ಬಯಲಿನ ಕಬ್ಬಿನ ಬೇಸಾಯದೊಡನೆ ಅವರನ್ನು ಅಲ್ಲಿ ನೆನೆಯುತ್ತಾರೆ. ಆದರೆ ಅವರು ಮೈಸೂರಿಗೆ ಬಂದದ್ದು ಸಕ್ಕರೆಗಾಗಿ ಅಲ್ಲ. ಅವರ ಹುದ್ದೆಯ ಹೆಸರೇ ಶಿಲೀಂಧ್ರತಜ್ಞ ಮತ್ತು ಕೀಟತಜ್ಞ ಎಂದಿತ್ತು. ಗಿಡಗಳು ಏಕೆ ಸಾಯುತ್ತವೆ ಎಂಬುದನ್ನು ಹುಡುಕುವುದಕ್ಕಾಗಿ ಸರ್ಕಾರ ಸಂಬಳ ಕೊಟ್ಟು ಕರೆಸಿಕೊಂಡಿದ್ದ ವ್ಯಕ್ತಿ ಅವರು.

ಶಾಪದಿಂದ ಶಿಲೀಂಧ್ರದವರೆಗೆ

ಕೋಲ್ಮನ್ ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅವರ ಹಿಂದಿನ ನೂರು ವರ್ಷಗಳ ಕಡೆಗೆ ಕಣ್ಣು ಹಾಯಿಸಬೇಕು. ಗಿಡಕ್ಕೂ ರೋಗ ಬರುತ್ತದೆಂಬ ತಿಳಿವಳಿಕೆ ನಮ್ಮಲ್ಲಿ ಹೊಸದೇನಲ್ಲ. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನವಿದೆ. ಸಂಸ್ಕೃತದ ವೃಕ್ಷಾಯುರ್ವೇದ ಗ್ರಂಥಗಳು ಮನುಷ್ಯನ ದೇಹದಂತೆಯೇ ಮರಕ್ಕೂ ವಾತ, ಪಿತ್ತ, ಕಫಗಳ ಏರುಪೇರನ್ನು ಹೇಳಿದವು. ಯೂರೋಪಿನಲ್ಲೂ ಬಹುಕಾಲ ಇಂಥದೇ ವಿಚಾರಗಳಿದ್ದವು. ಗೋಧಿಗೆ ತುಕ್ಕು ಹಿಡಿಯದಿರಲೆಂದು ಪ್ರಾಚೀನ ರೋಮನ್ನರು ಒಂದು ದೇವತೆಗೆ ವರ್ಷವರ್ಷವೂ ಹಬ್ಬ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿಯೂ ಅನೇಕರು ಕೊಳೆತ ಗಿಡದ ಮೇಲಿನ ಬೂಷ್ಟು ಕೊಳೆತದ ಪರಿಣಾಮವೇ ಹೊರತು ಕಾರಣವಲ್ಲ ಎಂದು ನಂಬಿದ್ದರು.

ಈ ನಂಬಿಕೆಯನ್ನು ಮೊದಲು ಅಲುಗಿಸಿದವರು ಫ್ರಾನ್ಸಿನ ಪ್ರೆವೋ. ಗೋಧಿಯ ಕಾಡಿಗೆ ರೋಗ ಒಂದು ಶಿಲೀಂಧ್ರದಿಂದ ಬರುತ್ತದೆಂದೂ ತಾಮ್ರದ ಲವಣದಿಂದ ಅದನ್ನು ತಡೆಯಬಹುದೆಂದೂ ಅವರು 1807ರಲ್ಲಿಯೇ ತೋರಿಸಿದ್ದರು. ವಿದ್ವತ್ ಲೋಕ ಕಿವಿಗೊಡಲಿಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಅಂಗಮಾರಿಯಿಂದ ಕೊಳೆತುಹೋಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವೆಯಿಂದಲೂ ಅದರ ಹಿಂದೆಯೇ ಬಂದ ಜ್ವರಗಳಿಂದಲೂ ಸತ್ತರು, ಅಷ್ಟೇ ಮಂದಿ ಊರು ಬಿಟ್ಟು ಹಡಗು ಹತ್ತಿದರು. ಆ ಕೊಳೆತಕ್ಕೆ ಒಂದು ಸೂಕ್ಷ್ಮಜೀವಿಯೇ ಕಾರಣವೆಂದು ಜರ್ಮನಿಯ ಆಂಟನ್ ಡಿ ಬಾರಿ ಪ್ರಯೋಗದಿಂದ ಸಿದ್ಧಪಡಿಸಿದ್ದು 1861ರಲ್ಲಿ. ಮುಂದೆ ಅವರು ಆ ಜೀವಿಯ ಕುಲಕ್ಕೆ ಫೈಟಾಫ್ಥೊರ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಆ ಪದಕ್ಕೆ ಸಸ್ಯನಾಶಕ ಎಂದರ್ಥ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮಲೆನಾಡಿನ ತೋಟಗಳಲ್ಲಿ ಕೋಲ್ಮನ್ ಎದುರಿಸಿದ ಶತ್ರು ಇದೇ ಕುಲದ್ದು.

ಮದ್ದು ಸಿಕ್ಕಿದ್ದು ಮಾತ್ರ ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ಮಿಶ್ರಣ ಎರಚುವ ರೂಢಿಯಿತ್ತು. ಎರಚಿದ ಬಳ್ಳಿಗಳಿಗೆ ಬೂಜುರೋಗ ತಗುಲಿರಲಿಲ್ಲ ಎಂಬುದನ್ನು ಪ್ರಾಧ್ಯಾಪಕ ಮಿಲಾರ್ಡೆ 1882ರಲ್ಲಿ ಗಮನಿಸಿದರು. ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರನ್ನು ಓಡಿಸಲು ಹುಟ್ಟಿದ ಬೋರ್ಡೋ ದ್ರಾವಣ ಹೀಗೆ ರೋಗವನ್ನು ತಡೆಯುವ ಔಷಧಿಯಾಯಿತು.

ಕೊಳೆರೋಗದ ತೋಟಗಳಲ್ಲಿ

ಕೋಲ್ಮನ್ ಜನಿಸಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟಿಂಗನ್‌ನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಅವರು ಬರುವ ಹೊತ್ತಿಗೆ ಮೈಸೂರಿನಲ್ಲಿ ಕೃಷಿ ವಿಜ್ಞಾನದ ತಳಪಾಯ ಸ್ವಲ್ಪಮಟ್ಟಿಗೆ ಬಿದ್ದಿತ್ತು. ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ಭೂಮಿ ಕೊಟ್ಟಿದ್ದರು. ಅಲ್ಲಿ ಡಾ. ಲೆಹ್ಮನ್ ಮಣ್ಣಿನ ರಸಾಯನದ ಅಧ್ಯಯನ ಆರಂಭಿಸಿದ್ದರು. ಆದರೆ ಬೆಳೆಯ ರೋಗಗಳನ್ನು ನೋಡುವವರಿರಲಿಲ್ಲ.

ರೋಗಗಳಿಗೇನೂ ಕೊರತೆಯಿರಲಿಲ್ಲ. ಅವುಗಳಲ್ಲಿ ಎದ್ದು ಕಂಡದ್ದು ಮಲೆನಾಡಿನ ಅಡಿಕೆಯ ಕೊಳೆರೋಗ. ಕರಾವಳಿಯಲ್ಲಿ, ಕಾಸರಗೋಡಿನ ಕಡೆ ಇದಕ್ಕೆ ಮಹಾಳಿ ಎಂದು ಹೆಸರು. ಜೂನ್ ತಿಂಗಳಲ್ಲಿ ಮಳೆ ಹಿಡಿದ ಕೆಲವು ವಾರಗಳಲ್ಲಿ ಎಳೆಯ ಅಡಿಕೆಯ ತೊಟ್ಟಿನ ಬಳಿ ನೀರು ತುಂಬಿದಂಥ ಕಡುಹಸಿರು ಮಚ್ಚೆ ಕಾಣಿಸುತ್ತದೆ. ಕಾಯಿ ಕೊಳೆತು ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹತ್ತಿಯಂತೆ ಹರಡುತ್ತದೆ. ಹಿಡಿದ ಮಳೆ ಬಿಡದ ವರ್ಷ ಇಡೀ ಕೊನೆಯೇ ಖಾಲಿಯಾಗುವುದುಂಟು. ರೋಗ ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಅಡಿಕೆ ಮರ ಫಲಕ್ಕೆ ಬರಲು ಹಲವಾರು ವರ್ಷ ಬೇಕು. ಆದುದರಿಂದ ಒಂದು ಮರ ಹೋದರೆ ಹೋದದ್ದು ಒಂದು ವರ್ಷದ ಬೆಳೆ ಮಾತ್ರವಲ್ಲ.

ರೈತರು ಸುಮ್ಮನೆ ಕೈಕಟ್ಟಿ ಕುಳಿತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮಳೆಗಾಲಕ್ಕೆ ಮುಂಚೆ ಪ್ರತಿ ಕೊನೆಗೂ ಹಾಳೆಯಿಂದಲೋ ಹುಲ್ಲಿನಿಂದಲೋ ಮಾಡಿದ ಕೊಟ್ಟೆ ಕಟ್ಟುವ ಪದ್ಧತಿ ಮಲೆನಾಡಿನಲ್ಲಿ ಮೊದಲಿನಿಂದಲೂ ಇತ್ತು. ಕಾಯಿಗೆ ನೀರು ತಾಗದಿದ್ದರೆ ಕೊಳೆ ಬಾರದು ಎಂಬುದನ್ನು ಅವರು ಅನುಭವದಿಂದ ಅರಿತಿದ್ದರು. ವಿಜ್ಞಾನದ ಕಣ್ಣಿನಿಂದ ನೋಡಿದರೂ ಆ ಅರಿವು ಸರಿಯಾದುದೇ. ತೊಡಕಿದ್ದದ್ದು ಕೆಲಸದ ಪ್ರಮಾಣದಲ್ಲಿ. ಪ್ರತಿ ಮರವನ್ನೂ ಹತ್ತಿ ಒಂದೊಂದು ಕೊನೆಗೂ ಕೊಟ್ಟೆ ಕಟ್ಟುವುದು ದೊಡ್ಡ ತೋಟಗಳಲ್ಲಿ ಅತಿ ದುಬಾರಿಯ, ಅಪಾಯದ ಕೆಲಸ.

ಕೋಲ್ಮನ್ ಕೊಳೆತ ಕಾಯಿಗಳಿಂದ ರೋಗಕಾರಕವನ್ನು ಬೇರ್ಪಡಿಸಿ, ಆರೋಗ್ಯವಂತ ಕಾಯಿಗೆ ತಗುಲಿಸಿ, ಮತ್ತೆ ಅದೇ ರೋಗ ಬರುವುದನ್ನು ಪರೀಕ್ಷಿಸುವ ಮಾರ್ಗ ಹಿಡಿದರು. ರೋಗವಿಜ್ಞಾನದಲ್ಲಿ ರಾಬರ್ಟ್ ಕಾಖ್ ಅವರ ಹೆಸರಿನಿಂದ ಪ್ರಸಿದ್ಧವಾದ ಕ್ರಮವಿದು. ಒಂದು ಜೀವಿ ರೋಗಿಯಲ್ಲಿ ಕಂಡುಬಂದಿತೆಂದ ಮಾತ್ರಕ್ಕೆ ಅದೇ ಕಾರಣವೆನ್ನುವಂತಿಲ್ಲ. ಅದನ್ನು ಪ್ರತ್ಯೇಕಿಸಿ, ಬೆಳೆಸಿ, ಮತ್ತೆ ರೋಗ ಹುಟ್ಟಿಸಿ, ಮತ್ತೆ ಅದನ್ನೇ ಹೊರತೆಗೆದು ತೋರಿಸಬೇಕು. 1910ರಲ್ಲಿ ಮೈಸೂರು ಕೃಷಿ ಇಲಾಖೆಯ ಶಿಲೀಂಧ್ರ ಮಾಲೆಯಲ್ಲಿ ಹೊರಬಂದ ಕೋಲ್ಮನ್ ಅವರ ವರದಿ ಅಡಿಕೆಯ ಕೊಳೆರೋಗಕ್ಕೆ ಫೈಟಾಫ್ಥೊರ ಕುಲದ ಒಂದು ಬಗೆ ಕಾರಣವೆಂದು ವಿವರಿಸಿತು. ಅವರು ಅದಕ್ಕೆ ಅಡಿಕೆಯ ಹೆಸರನ್ನೇ ಸೇರಿಸಿದರು. 1913ರಲ್ಲಿ ಪೆಥಿಬ್ರಿಜ್ ಅದನ್ನು ಪ್ರತ್ಯೇಕ ಪ್ರಭೇದವಾಗಿಸಿ ಫೈಟಾಫ್ಥೊರ ಅರಿಕೆ ಎಂದರು. ಇತ್ತೀಚಿನ ಅಣುಜೀವಶಾಸ್ತ್ರದ ಪರೀಕ್ಷೆಗಳು ಈ ವಿಂಗಡಣೆಯನ್ನು ಬದಲಿಸಿವೆ. ನಮ್ಮ ತೋಟಗಳ ಕೊಳೆರೋಗಕ್ಕೆ ಬಹುಪಾಲು ಫೈಟಾಫ್ಥೊರ ಮೀಡಿಯೈ ಎಂಬ ಸೋದರ ಪ್ರಭೇದವೇ ಕಾರಣವೆಂದು ಈಗ ಗುರುತಿಸಲಾಗುತ್ತಿದೆ. ಅಷ್ಟೇ ಅಲ್ಲ, ಈ ಕುಲ ನಿಜವಾದ ಶಿಲೀಂಧ್ರಗಳ ಗುಂಪಿಗೂ ಸೇರುವುದಿಲ್ಲ, ಕಂದು ಪಾಚಿಗಳಿಗೆ ಹತ್ತಿರದ ಸಂಬಂಧಿ.

ಪಾಚಿಯ ನೆಂಟಸ್ತನ ಬರಿಯ ಪಾಂಡಿತ್ಯದ ಮಾತಲ್ಲ. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ತೆಳುವಾದ ನೀರಿನ ಪದರವಿದ್ದರೆ ಸಾಕು, ಅದರಲ್ಲಿ ಈಜಿ, ಒಂದೆಡೆ ನೆಲೆಯೂರಿ, ಮೊಳೆತು, ಸಿಪ್ಪೆಯ ಒಳಗೆ ಇಳಿಯುತ್ತವೆ. ಒಂದು ಕಾಯಿಯಿಂದ ಇನ್ನೊಂದಕ್ಕೆ ಮಳೆಹನಿ ಅವುಗಳನ್ನು ಚಿಮ್ಮಿಸುತ್ತದೆ. ಬಿಸಿಲು ಬಿದ್ದು ಕಾಯಿ ಒಣಗಿದರೆ ಆಟ ನಿಲ್ಲುತ್ತದೆ. ಸಸ್ಯರೋಗಶಾಸ್ತ್ರದ ಮೂಲಪಾಠ ಇಲ್ಲಿಯೇ ಇದೆ. ರೋಗಕ್ಕೆ ತುತ್ತಾಗುವ ಗಿಡ, ರೋಗ ತರುವ ಜೀವಿ, ಅದಕ್ಕೆ ಒಗ್ಗುವ ಹವೆ, ಈ ಮೂರೂ ಒಂದೇ ಕಾಲಕ್ಕೆ ಕೂಡಿದಾಗ ಮಾತ್ರ ರೋಗ. ಪಠ್ಯಪುಸ್ತಕಗಳು ಇದನ್ನು ರೋಗತ್ರಿಕೋನ ಎಂದು ಕರೆಯುತ್ತವೆ. ಮೂರರಲ್ಲಿ ಒಂದು ಬಾಹು ಮುರಿದರೂ ಸಾಕು. ಕೊಟ್ಟೆ ಕಟ್ಟಿದ ಹವ್ಯಕರ, ಗೌಡರ ತೋಟಗಳಲ್ಲಿ ಮುರಿಯುತ್ತಿದ್ದುದು ಹವೆಯ ಬಾಹು. ಕೋಲ್ಮನ್ ಎರಡನೆಯದನ್ನು ಮುರಿಯಲು ಹೊರಟರು.

ಅದಕ್ಕೆ ಅವರು ಆರಿಸಿಕೊಂಡದ್ದು ಬೋರ್ಡೋ ದ್ರಾವಣವನ್ನು. ಇಂದು ಶಿಫಾರಸಾಗುವ ಪ್ರಮಾಣ ಶೇಕಡಾ ಒಂದು, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಮುಂಗಾರು ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ಸಿಂಪಡಿಸಬೇಕು. ಕೇಳಲು ಸರಳ. ಆದರೆ ಮಲೆನಾಡಿನ ಮಳೆ ಯೂರೋಪಿನ ದ್ರಾಕ್ಷಿತೋಟದ ಮಳೆಯಲ್ಲ. ಮೂರು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಕಡೆಗಳಲ್ಲಿ ಎಲೆಯ ಮೇಲಿನ ಯಾವ ಮದ್ದೂ ಬಹುಕಾಲ ನಿಲ್ಲದು. ಅದಕ್ಕೆಂದೇ ದ್ರಾವಣ ಕಾಯಿಗೆ ಅಂಟಿಕೊಳ್ಳುವಂತೆ ರಾಳದಂಥ ಅಂಟುಪದಾರ್ಥ ಸೇರಿಸುವ ಕ್ರಮ ಬೆಳೆಯಿತು. ಇನ್ನು ಮರದ ಎತ್ತರ. ಐವತ್ತು ಅರವತ್ತು ಅಡಿಯ ತೆಳ್ಳನೆಯ ಕಾಂಡದ ತುದಿಯಲ್ಲಿ ಕುಳಿತು, ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವ ಕೊನೆಗಾರರ ಕಸುಬುಗಾರಿಕೆ ಇಲ್ಲದಿದ್ದರೆ ವಿಜ್ಞಾನಿಯ ಬುಲೆಟಿನ್ ಬೀರುವಿನಲ್ಲೇ ಉಳಿಯುತ್ತಿತ್ತು. ಈ ಮಾತನ್ನು ಕೃಷಿ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಎಲ್ಲಕ್ಕಿಂತ ಕಷ್ಟದ ಸಂಗತಿ ಬೇರೆಯೇ ಇತ್ತು. ಬೋರ್ಡೋ ದ್ರಾವಣ ರೋಗವನ್ನು ವಾಸಿ ಮಾಡುವುದಿಲ್ಲ. ಬೀಜಾಣು ಮೊಳೆಯುವ ಕ್ಷಣದಲ್ಲಿ ಅದನ್ನು ಕೊಲ್ಲುವ ಒಂದು ಲೇಪನ ಮಾತ್ರ ಅದು. ಒಳಗಿಳಿದ ರೋಗವನ್ನು ಅದು ಮುಟ್ಟಲಾರದು. ಆದ್ದರಿಂದ ಕಾಯಿ ಚೆನ್ನಾಗಿಯೇ ಇರುವಾಗ, ಮಳೆ ಇನ್ನೂ ಬಾರದಿರುವಾಗ, ಕಣ್ಣಿಗೆ ಕಾಣದ ರೋಗಕ್ಕಾಗಿ ರೈತ ಕೈಯಿಂದ ಹಣ ಹಾಕಬೇಕು. ಸಾಲ ಮಾಡಿ ತೋಟ ನಡೆಸುವವನಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ಇದಕ್ಕೆ ಬೇಕಾದದ್ದು ಪ್ರಯೋಗಾಲಯವಲ್ಲ, ಕಣ್ಣೆದುರಿನ ಪುರಾವೆ. ಸಿಂಪಡಿಸಿದ ತೋಟ, ಸಿಂಪಡಿಸದ ತೋಟ ಅಕ್ಕಪಕ್ಕದಲ್ಲಿದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ಮಾತಿನ ಅಗತ್ಯವಿರದು. ಈ ಪದ್ಧತಿ ಬೇರೂರಿತು. ನೂರು ವರ್ಷ ಕಳೆದು, ಹೊಸ ರಾಸಾಯನಿಕಗಳು ಎಷ್ಟೋ ಬಂದರೂ, ಶೃಂಗೇರಿ, ತೀರ್ಥಹಳ್ಳಿ, ಸಾಗರ, ಶಿರಸಿಯ ತೋಟಗಳಲ್ಲಿ ಮುಂಗಾರಿನ ಹೊಸ್ತಿಲಲ್ಲಿ ನಡೆಯುವ ಮುಖ್ಯ ಕೆಲಸ ಬೋರ್ಡೋ ಸಿಂಪಡಣೆಯೇ.

ಕೊಳೆರೋಗ ಎಂಬ ಕನ್ನಡ ಪದ ಜಗತ್ತಿನ ಸಸ್ಯರೋಗ ಸಾಹಿತ್ಯದಲ್ಲಿ ಹಾಗೆಯೇ ಉಳಿದುಕೊಂಡಿದೆ ಎಂಬುದು ಅಭಿಮಾನದ ವಿಷಯ. ಕಾಫಿಯ ಕಪ್ಪುಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ವಿಜ್ಞಾನಿ ಈ ಪದವನ್ನು ಪ್ರಭೇದದ ಹೆಸರಾಗಿ ಬಳಸಿದರು. 1958ರಲ್ಲಿ ಡಾಂಕ್ ಅವರು ಕುಲದ ಹೆಸರನ್ನೇ ಕೊಳೆರೋಗ ಎಂದು ಮಾಡಿದರು.

ಶ್ರೀಗಂಧದ ಒಗಟು

ಕೊಳೆರೋಗದಲ್ಲಿ ಶತ್ರು ಸೂಕ್ಷ್ಮದರ್ಶಕಕ್ಕೆ ಸಿಕ್ಕಿತು. ಶ್ರೀಗಂಧದಲ್ಲಿ ಸಿಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗ ಕೆಲವೇ ವರ್ಷಗಳಲ್ಲಿ ಮೈಸೂರಿನ ಕಾಡುಗಳಿಗೂ ಹಬ್ಬಿತು. ಎಲೆಗಳು ಚಿಕ್ಕದಾಗಿ, ಸೆಟೆದು, ಮುಳ್ಳಿನ ಗೊಂಚಲಿನಂತಾಗಿ ಎರಡು ಮೂರು ವರ್ಷಗಳಲ್ಲಿ ಮರ ಸಾಯುತ್ತಿತ್ತು. ಶ್ರೀಗಂಧ ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಆದಾಯ ತರುತ್ತಿದ್ದ ಸರ್ಕಾರಿ ಸ್ವತ್ತು. ಮಣ್ಣಿನ ದೋಷವೆಂದರು, ಬರವೆಂದರು, ಬೆಂಕಿಯೆಂದರು. ಯಾವ ಶಿಲೀಂಧ್ರವೂ ಸಿಗಲಿಲ್ಲ.

ಕೋಲ್ಮನ್ ಕಸಿಯ ಮೊರೆಹೋದರು. ರೋಗದ ಮರದ ಕೊಂಬೆಯನ್ನು ಆರೋಗ್ಯವಂತ ಗಿಡಕ್ಕೆ ಕಸಿ ಮಾಡಿದಾಗ ಆ ಗಿಡಕ್ಕೂ ರೋಗ ಬಂದಿತು. 1917ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಸ್ಪಷ್ಟ. ದೋಷ ಮಣ್ಣಿನದಲ್ಲ, ಕಾಣದ ಏನೋ ಒಂದು ಅಂಟುತ್ತಿದೆ. ಆ ಏನೋ ಒಂದನ್ನು ಬೇರ್ಪಡಿಸಿ ಬೆಳೆಸಲು ಆಗದು. ಹಾಗಾಗಿ ಕಾಖ್ ಕ್ರಮದ ಮೆಟ್ಟಿಲುಗಳನ್ನು ಇಲ್ಲಿ ಹತ್ತಲಾಗದು. ಆದರೂ ಅದು ಸಾಂಕ್ರಾಮಿಕ. ವೈರಸ್ ಎಂಬ ಕಲ್ಪನೆಯೇ ಇನ್ನೂ ಮಬ್ಬಾಗಿದ್ದ ಕಾಲದಲ್ಲಿ ಇಂಥ ನಿರ್ಧಾರಕ್ಕೆ ಬರಲು ಧೈರ್ಯ ಬೇಕಿತ್ತು. ನನ್ನ ದೃಷ್ಟಿಯಲ್ಲಿ ಕೊಳೆರೋಗದ ಕೆಲಸಕ್ಕಿಂತ ಇದು ಒಂದು ಕೈ ಮೇಲು.

ಮುಂದೆ ಈ ಒಗಟನ್ನು ಕೈಗೆತ್ತಿಕೊಂಡದ್ದು ಇಂದು ಕುದಾಪುರದಲ್ಲಿ ನೆಲೆಯೂರಿರುವ ಅದೇ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಎಂ. ಶ್ರೀನಿವಾಸಯ್ಯ ಮತ್ತು ಸಂಗಡಿಗರು 1920ರ ದಶಕದ ಕೊನೆಯಿಂದ ಸ್ಪೈಕ್ ರೋಗದ ಮೇಲೆ ಸಾಲುಸಾಲಾಗಿ ಪ್ರಬಂಧಗಳನ್ನು ಪ್ರಕಟಿಸಿದರು. ರೋಗಕಾರಕ ಕಣ್ಣಿಗೆ ಬಿದ್ದದ್ದು 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ. ಅದು ವೈರಸ್ ಅಲ್ಲ, ಕೋಶಭಿತ್ತಿಯಿಲ್ಲದ, ಬ್ಯಾಕ್ಟೀರಿಯಾ ಜಾತಿಯ ಫೈಟೊಪ್ಲಾಸ್ಮಾ. ಕೋಲ್ಮನ್ ಆ ಹೊತ್ತಿಗೆ ತೀರಿಕೊಂಡು ಹದಿನೈದು ವರ್ಷವಾಗಿತ್ತು.

ನಿರ್ದೇಶಕರ ಕುರ್ಚಿಯಲ್ಲಿ

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಹೆಬ್ಬಾಳದ ಕೃಷಿ ಶಾಲೆ ಆರಂಭವಾಯಿತು. ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. 1934ರಲ್ಲಿ ನಿವೃತ್ತರಾಗುವವರೆಗೆ ಇಲಾಖೆ ಅವರ ಕೈಯಲ್ಲೇ ಬೆಳೆಯಿತು. ರಾಗಿಯ ತಳಿ ಸುಧಾರಣೆ, ಹೊಸ ನೇಗಿಲು, ಪ್ರಯೋಗ ಕ್ಷೇತ್ರಗಳು, ಮಂಡ್ಯದ ನಾಲಾ ಬಯಲಿನ ಫಾರಂ, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪೆನಿ, ಇವೆಲ್ಲ ಆ ಅವಧಿಯವು. ಅಮೃತಮಹಲ್ ರಾಸುಗಳೂ ಅವುಗಳ ಕಾವಲುಗಳೂ ಕೃಷಿ ಇಲಾಖೆಯ ಸುಪರ್ದಿಗೆ ಬಂದದ್ದು ಸಹ 1920ರ ದಶಕದಲ್ಲಿಯೇ.

ರೋಗದ ಕೆಲಸವನ್ನು ಅವರು ಬಿಟ್ಟುಬಿಡಲಿಲ್ಲ, ಇತರರ ಕೈಗೆ ಒಪ್ಪಿಸಿದರು. ಕೆ. ಕುಂಞಿಕಣ್ಣನ್ ಕೀಟಗಳ ಕಡೆ, ಎಂ.ಕೆ. ವೆಂಕಟರಾವ್ ಮತ್ತು ಎಂ.ಜೆ. ನರಸಿಂಹನ್ ಶಿಲೀಂಧ್ರಗಳ ಕಡೆ ದುಡಿದರು. ಫೈಟಾಫ್ಥೊರದ ಭಿನ್ನ ತಳಿಗಳನ್ನು ಜೊತೆಯಾಗಿ ಬೆಳೆಸಿದಾಗ ಲೈಂಗಿಕ ಬೀಜಾಣುಗಳು ಹುಟ್ಟುವುದನ್ನು ತೋರಿಸಿದ ನರಸಿಂಹನ್ ಅವರ ಸಂಶೋಧನೆ ವಿದೇಶಗಳಲ್ಲೂ ಗಮನ ಸೆಳೆಯಿತು. ಅವರ ಪುತ್ರ ಎಂ.ಜೆ. ತಿರುಮಲಾಚಾರ್ ಮುಂದೆ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಶಿಲೀಂಧ್ರನಾಶಕ ಆಂಟಿಬಯಾಟಿಕ್‌ಗಳನ್ನು ಕಂಡುಹಿಡಿದರು. ಅವುಗಳಲ್ಲಿ ಆರಿಯೊಫಂಜಿನ್ ಬೆಳೆಗಳ ರೋಗಕ್ಕೂ ಬಳಕೆಯಾಯಿತು. ಪರದೇಶದ ತಜ್ಞರು ಬಂದು ಹೋಗುವುದು ಹೊಸದಲ್ಲ. ಅವರು ಹೋದ ಬಳಿಕವೂ ಸಾಗುವ ಒಂದು ಪರಂಪರೆ ಉಳಿಯುವುದು ಅಪರೂಪ.

ಕಾಫಿಯ ಕಥೆಯೂ ಇದೇ ಜಾಡಿನದು. ಎಲೆತುಕ್ಕು ರೋಗ 1869ರಿಂದ ಸಿಂಹಳದ ಕಾಫಿಯನ್ನು ಮುಗಿಸಿ ಅಲ್ಲಿ ಚಹಾ ನೆಡಿಸಿತ್ತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಹುಟ್ಟುವುದರಲ್ಲಿ ಕೋಲ್ಮನ್ ಅವರ ಪಾತ್ರ ಹಿರಿದು. ಇಲ್ಲಿ ಹಿಡಿದ ದಾರಿ ಬೇರೆ. ಮದ್ದಿಗಿಂತ ರೋಗ ತಡೆದುಕೊಳ್ಳುವ ತಳಿಯ ಮೇಲೆ, ಅಂದರೆ ತ್ರಿಕೋನದ ಮೊದಲ ಬಾಹುವಿನ ಮೇಲೆ, ಒತ್ತು. ಆದರೆ ತಡೆದುಕೊಂಡ ತಳಿಗಳೂ ಕೆಲವು ವರ್ಷಗಳ ಬಳಿಕ ಸೋಲತೊಡಗಿದವು. ತುಕ್ಕಿನ ಶಿಲೀಂಧ್ರದಲ್ಲಿಯೇ ಒಳಪಂಗಡಗಳಿವೆ ಎಂಬುದನ್ನು 1930ರ ದಶಕದ ಆರಂಭದಲ್ಲಿ ಬಾಳೆಹೊನ್ನೂರಿನಲ್ಲಿ ಡಬ್ಲ್ಯು.ಡಬ್ಲ್ಯು. ಮೇನ್ ಕಂಡುಕೊಂಡರು. ಗಿಡ ಒಂದು ಬೀಗ ಹಾಕಿದರೆ ರೋಗ ಹೊಸ ಕೀಲಿ ಮಾಡಿಕೊಳ್ಳುತ್ತದೆ.

ನಿವೃತ್ತಿಯ ನಂತರ ಕೋಲ್ಮನ್ ಕೆನಡಾಕ್ಕೆ ಮರಳಿದರು. ಅಧಿಕಾರ ಬಿಟ್ಟವರು ಸಾಮಾನ್ಯವಾಗಿ ನೆನಪುಗಳನ್ನು ಬರೆಯುತ್ತಾರೆ. ಇವರು ಮತ್ತೆ ಪ್ರಯೋಗಾಲಯ ಸೇರಿ ಆಲೂಗಡ್ಡೆಯ ವೈರಸ್ ರೋಗಗಳ ಅಧ್ಯಯನಕ್ಕೆ ತೊಡಗಿದರು. 1954ರಲ್ಲಿ ಅಲ್ಲಿಯೇ ನಿಧನರಾದರು.

ಬಯಲುಸೀಮೆಯ ಪಾಲು

ಇಷ್ಟು ಹೇಳಿದ ಮೇಲೆ ಒಂದು ಸಂಗತಿಯನ್ನು ಮರೆಮಾಚುವಂತಿಲ್ಲ. ಕೋಲ್ಮನ್ ಅವರ ದೊಡ್ಡ ಗೆಲುವುಗಳೆಲ್ಲ ಅಡಿಕೆ, ಕಾಫಿ, ಕಬ್ಬು ಎಂಬ ಹಣದ ಬೆಳೆಗಳಲ್ಲಿ, ನೀರಿರುವ ಸೀಮೆಗಳಲ್ಲಿ. ಮೈಲುತುತ್ತ ಕೊಳ್ಳಲು, ಆಳಿಗೆ ಕೂಲಿ ಕೊಡಲು ಆ ಬೆಳೆಗಳಿಗೆ ತ್ರಾಣವಿತ್ತು. ಬಯಲುಸೀಮೆಯ ಮಳೆಯಾಶ್ರಿತ ಹೊಲಕ್ಕೆ ಅದಿಲ್ಲ. ಚಳ್ಳಕೆರೆಯ ಶೇಂಗಾ ರೈತನಿಗೆ ತಿಕ್ಕಾ ರೋಗದ ಮದ್ದು ಏನೆಂದು ಗೊತ್ತಿಲ್ಲವೆಂದಲ್ಲ. ಮುಂದೆ ಮಳೆ ಬರುತ್ತದೋ ಇಲ್ಲವೋ ತಿಳಿಯದ ಬೆಳೆಗೆ ಮದ್ದಿನ ಖರ್ಚು ಹಾಕಬೇಕೋ ಬೇಡವೋ ಎಂಬುದು ಅವನ ಪ್ರಶ್ನೆ. ಅಡಿಕೆ ಬೆಳೆಗಾರನಿಗೆ ಮಳೆ ಬರುವುದಂತೂ ಖಚಿತ, ಶೇಂಗಾ ಬೆಳೆಗಾರನಿಗೆ ಅದೂ ಖಚಿತವಲ್ಲ.

ಇಂಥ ಕಡೆ ತಳಿಯೇ ಮದ್ದಾಗಬೇಕು. 1940ರಲ್ಲಿ ತಿಂಡಿವನಂನಿಂದ ಹೊರಬಂದ ಟಿಎಂವಿ-2 ಶೇಂಗಾ ಈ ಸೀಮೆಯ ನೆಚ್ಚಿನ ತಳಿಯಾಯಿತು. ಬರವನ್ನು ತಕ್ಕಮಟ್ಟಿಗೆ ತಾಳುವ ಅದು ಎಲೆಚುಕ್ಕೆಗೂ ತುಕ್ಕಿಗೂ ಸುಲಭವಾಗಿ ತುತ್ತಾಗುತ್ತದೆ. ಎರಡನ್ನೂ ತಡೆದುಕೊಳ್ಳುವ ಜಿಪಿಬಿಡಿ-4 ತಳಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೂಪಿಸಿತು. ಬಿತ್ತನೆ ಬೀಜ ಸಕಾಲಕ್ಕೆ, ಬೇಕಾದಷ್ಟು ಸಿಗುವುದು ಬೇರೆಯೇ ಮಾತು. ಶೇಂಗಾ ಎಕರೆಗೆ ಬೀಜ ಹೆಚ್ಚು ಬೇಡುವ ಬೆಳೆ, ಹೊಸ ತಳಿ ಹರಡುವುದು ನಿಧಾನ.

ರೋಗಗಳು ಹಳೆಯವೇ ಬರುತ್ತವೆಂದೂ ಇಲ್ಲ. ಚಳ್ಳಕೆರೆಗೆ ಅಂಟಿಕೊಂಡಿರುವ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ 2000ನೇ ಇಸವಿಯಲ್ಲಿ ಶೇಂಗಾ ಗಿಡಗಳ ಸುಳಿ ಇದ್ದಕ್ಕಿದ್ದಂತೆ ಕಪ್ಪಾಗಿ ಗಿಡಗಳು ಸಾಯತೊಡಗಿದವು. ಸುಮಾರು 2.25 ಲಕ್ಷ ಹೆಕ್ಟೇರ್ ಬೆಳೆಗೆ ತಗುಲಿದ ಈ ಪೀಡೆಯಿಂದಾದ ನಷ್ಟ 300 ಕೋಟಿ ರೂಪಾಯಿ ಮೀರಿತೆಂದು ಅಂದಾಜಿಸಲಾಯಿತು. ಕಾರಣ ತಂಬಾಕಿನ ಗೀರು ವೈರಸ್. ಅದು ಅಡಗಿದ್ದದ್ದು ಬದುವಿನ, ಬೀಳುಹೊಲದ ಪಾರ್ಥೇನಿಯಂ ಗಿಡಗಳಲ್ಲಿ, ನಮ್ಮವರು ಕಾಂಗ್ರೆಸ್ ಹುಲ್ಲೆನ್ನುವ ಅದೇ ಕಳೆಯಲ್ಲಿ. ಆ ಹೂವಿನ ಪರಾಗ ಗಾಳಿಯಲ್ಲಿ ಹಾರಿ ಶೇಂಗಾ ಎಲೆಯ ಮೇಲೆ ಬೀಳುತ್ತದೆ. ಥ್ರಿಪ್ಸ್ ಎಂಬ ಕಣ್ಣಿಗೆ ಕಾಣುವುದೇ ಕಷ್ಟವಾದ ಕೀಟ ಎಲೆಯನ್ನು ಕೆರೆದಾಗ ಪರಾಗದೊಳಗಿನ ವೈರಸ್ ಗಾಯದ ಮೂಲಕ ಗಿಡಕ್ಕೆ ಇಳಿಯುತ್ತದೆ. ಕಳೆ, ಗಾಳಿ, ಕೀಟ, ಬೆಳೆ ನಾಲ್ಕೂ ಕೂಡಿ ಆದ ಅನಾಹುತವಿದು. ಮಳೆಗೆ ಮುಂಚೆಯೇ ಪಾರ್ಥೇನಿಯಂ ಕಿತ್ತುಹಾಕುವುದು, ಹೊಲದಂಚಿಗೆ ಸಜ್ಜೆಯೋ ಜೋಳವೋ ಬಿತ್ತಿ ಗಾಳಿಗೆ ತಡೆ ಮಾಡುವುದು ತಜ್ಞರು ಸೂಚಿಸಿದ ಉಪಾಯಗಳು. ಕಂಡ ರೋಗಕ್ಕಲ್ಲ, ಮುಂದೆ ಬರಬಹುದಾದ ರೋಗಕ್ಕೆ ಈಗಲೇ ದುಡಿಯಿರಿ ಎಂಬ, ಅಡಿಕೆ ತೋಟಗಳಲ್ಲಿ ಕೋಲ್ಮನ್ ಎದುರಿಸಿದ ಕಷ್ಟವೇ ಇಲ್ಲಿಯೂ. ಒಬ್ಬ ರೈತ ತನ್ನ ಹೊಲವನ್ನು ಚೊಕ್ಕಟವಾಗಿಟ್ಟರೂ ಪಕ್ಕದ ಬೀಳಿನಿಂದ ಪರಾಗ ಹಾರಿಬರುತ್ತದೆ.

ಕೋಲ್ಮನ್ ಅವರು ಒಣಸೀಮೆಯನ್ನು ಪೂರ್ಣ ಮರೆತಿದ್ದರು ಎನ್ನುವುದೂ ಅನ್ಯಾಯವಾದೀತು. ಜೋಳದ ಹೊಲಗಳನ್ನು ಬೋಳಿಸುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದರ ಬಗ್ಗೆ 1911ರಲ್ಲಿ ಅವರ ವರದಿ ಬಂದಿತು. ಮೊಟ್ಟೆ ನೆಲದೊಳಗಿರುತ್ತದೆ, ಮುಂಗಾರಿನೊಡನೆ ಮರಿ ಹೊರಬರುತ್ತದೆ, ವರ್ಷಕ್ಕೆ ಒಂದೇ ತಲೆಮಾರು. ಹಾರಲಾರದ ಕೀಟವಾದ್ದರಿಂದ ಊರಿನವರು ಒಟ್ಟಾಗಿ ನಿಂತರೆ ಅದನ್ನು ಹತೋಟಿಗೆ ತರಬಹುದು. ಈ ಮಿಡತೆಗೆ 1910ರಲ್ಲಿ ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವಾರ್ ಕೊಟ್ಟ ಹೆಸರು ಕೋಲ್ಮೇನಿಯ. ಆ ಹೆಸರು ಇಂದಿಗೂ ಚಾಲ್ತಿಯಲ್ಲಿದೆ, ಮಿಡತೆಯೂ ದಖ್ಖನಿನ ಜೋಳದ ಹೊಲಗಳಲ್ಲಿ ಇದೆ.